ಎರಡು ನಾಲಗೆಯ ನಗರ

ತನ್ನ ಹೆಸರನ್ನು ಹೇಗೆ ಉಚ್ಚರಿಸಬೇಕೆಂಬ ವಿಷಯದಲ್ಲಿಯೇ ಎರಡು ಪಕ್ಷವಾಗಿರುವ ಮಹಾನಗರವೊಂದು ಕೆನಡಾ ದೇಶದಲ್ಲಿದೆ. ಇಂಗ್ಲಿಷ್ ಮಾತಿನವರು ಅದನ್ನು ‘ಮಾಂಟ್ರಿಯಾಲ್’ ಎನ್ನುತ್ತಾರೆ. ಫ್ರೆಂಚ್ ಮಾತಿನವರ ಬಾಯಲ್ಲಿ ನಡುವಣ ಟಕಾರವು ಮಾಯವಾಗಿ, ಮೊದಲ ಸ್ವರವು ಮೂಗಿನಲ್ಲಿ ಮೊರೆದು, ಅದೇ ಹೆಸರು ‘ಮೋಂರೆಯಾಲ್’ ಎಂದಾಗುತ್ತದೆ. ನಮ್ಮಲ್ಲಿ ಒಬ್ಬನಿಗೆ ಎರಡು ನಾಲಗೆ ಎಂದರೆ ಅವನನ್ನು ನಂಬಬೇಡಿರೆಂದು ಅರ್ಥ. ಈ ಊರಿನ ಮಟ್ಟಿಗೆ ಮಾತ್ರ ಅದನ್ನು ಬೈಗುಳವೆಂದು ತಿಳಿಯದೆ ಬಿರುದೆಂದು ತಿಳಿಯಬೇಕು. ಇಲ್ಲಿಯ ಪ್ರತಿಯೊಂದು ಬೀದಿಗೂ, ಪ್ರತಿಯೊಂದು ಅಂಗಡಿಗೂ, ಎಷ್ಟೋ ಮನೆಗಳಿಗೂ ಎರಡೆರಡು ನಾಲಗೆಗಳಿವೆ.

ಸೇಂಟ್ ಲಾರೆನ್ಸ್ ಎಂಬ ಹಿರಿಹೊಳೆಯ ನಡುವಣ ದ್ವೀಪವೊಂದರ ಮೇಲೆ ಈ ನಗರವು ಹಬ್ಬಿಕೊಂಡಿದೆ. ಊರಿನ ಮಧ್ಯದಲ್ಲಿ ‘ಮೌಂಟ್ ರಾಯಲ್’ ಎಂಬ ಬೆಟ್ಟವಿದೆ. ಎತ್ತರ ೨೩೩ ಮೀಟರುಗಳು. ಚಾಮುಂಡಿ ಬೆಟ್ಟವನ್ನು ಕಂಡವರಿಗೆ ಅದು ಗುಡ್ಡವೆಂದೇ ತೋರೀತು. ಅದರ ನೆತ್ತಿಯ ಮೇಲೆ ೧೯೨೪ರಲ್ಲಿ ನಿಲ್ಲಿಸಿದ ದೊಡ್ಡ ಶಿಲುಬೆಯೊಂದು ರಾತ್ರಿ ದೀಪಗಳಿಂದ ಬೆಳಗುತ್ತದೆ. ನಾನು ಅಲ್ಲಿಗೆ ಹೋದದ್ದು ಅಕ್ಟೋಬರ್ ತಿಂಗಳಿನಲ್ಲಿ. ಮೇಪಲ್ ಮರಗಳು ಹಸುರನ್ನು ಕಳಚಿ ಕೆಂಪನ್ನೂ ಹೊನ್ನನ್ನೂ ಉಟ್ಟಿದ್ದವು. ಗಾಳಿ ಬೀಸಿದಾಗಲೆಲ್ಲ ಬೆಟ್ಟದ ಹಾದಿಯಲ್ಲಿ ಕುಂಕುಮವನ್ನು ಎರಚಿದಂತೆ ಎಲೆಗಳು ಉದುರುತ್ತಿದ್ದವು. ಈ ಸೊಬಗನ್ನು ಬಣ್ಣಿಸಿದ ಪ್ರವಾಸಿಗಳು ಬಹಳ ಮಂದಿ ಇದ್ದಾರೆ. ನನ್ನ ಕುತೂಹಲವು ಕಣ್ಣಿನದಾಗಿರದೆ ಕಿವಿಯದಾಗಿತ್ತು.

ಅಂಗಡಿಯ ಬಾಗಿಲನ್ನು ದಾಟಿದೊಡನೆ ಅಲ್ಲಿಯ ಹುಡುಗಿ ನಗುತ್ತ ‘ಬೊಂಜೂರ್–ಹಾಯ್’ ಎನ್ನುತ್ತಾಳೆ. ಮೊದಲ ಪದ ಫ್ರೆಂಚ್, ಎರಡನೆಯದು ಇಂಗ್ಲಿಷ್. ಬಂದವರು ಯಾವುದಕ್ಕೆ ಉತ್ತರ ಕೊಡುವರೋ ಆ ಭಾಷೆಯಲ್ಲಿ ವ್ಯಾಪಾರ ಮುಂದುವರಿಯುತ್ತದೆ. ಇಷ್ಟು ಚಿಕ್ಕ ನಮಸ್ಕಾರವೂ ಅಲ್ಲಿ ರಾಜಕೀಯದ ವಿಷಯ. ಈ ಪ್ರಾಂತ್ಯದ ಶಾಸನಸಭೆಯು ೨೦೧೭ರ ನವೆಂಬರಿನಲ್ಲಿ, ಅಂಗಡಿಯವರು ‘ಬೊಂಜೂರ್’ ಒಂದನ್ನೇ ಹೇಳಲಿ ಎಂದು ಕೋರುವ ಗೊತ್ತುವಳಿಯನ್ನು ಒಮ್ಮತದಿಂದ ಅಂಗೀಕರಿಸಿತು. ಅದಕ್ಕೂ ೪೦ ವರ್ಷಗಳ ಹಿಂದೆ, ೧೯೭೭ರಲ್ಲಿ, ಫ್ರೆಂಚ್ ಭಾಷೆಯ ಸನ್ನದೆಂಬ ಕಾನೂನು ಬಂದು, ಹೊರಗಿನಿಂದ ಬಂದು ನೆಲಸುವವರ ಮಕ್ಕಳು ಸಾಮಾನ್ಯವಾಗಿ ಫ್ರೆಂಚ್ ಶಾಲೆಗಳಿಗೇ ಹೋಗಬೇಕೆಂದು ಗೊತ್ತಾಯಿತು.

ಈ ಕಟ್ಟುನಿಟ್ಟಿನ ಹಿಂದೆ ಹಳೆಯ ನೋವಿದೆ. ಊರಿನಲ್ಲಿ ಫ್ರೆಂಚ್ ಮಾತಿನವರೇ ಹೆಚ್ಚು. ಆದರೆ ಬಹುಕಾಲ ಬ್ಯಾಂಕು, ಕಾರ್ಖಾನೆ, ವ್ಯಾಪಾರಗಳ ಯಜಮಾನಿಕೆಯೆಲ್ಲ ಇಂಗ್ಲಿಷಿನದಾಗಿತ್ತು. ನಾಲ್ಕು ಜನರ ನಡುವೆ ಫ್ರೆಂಚಿನಲ್ಲಿ ಮಾತಾಡಿದವರಿಗೆ ‘ಬಿಳಿಯರ ಮಾತನ್ನಾಡು’ ಎಂಬ ಅರ್ಥದ ಬೈಗುಳವೊಂದು ಇಂಗ್ಲಿಷಿನಲ್ಲಿ ಸಿದ್ಧವಾಗಿರುತ್ತಿತ್ತು. ಮಿಶೆಲ್ ಲಲೋಂದ್ ಎಂಬ ಕವಯಿತ್ರಿ ೧೯೬೮ರಲ್ಲಿ ಆ ಬೈಗುಳವನ್ನೇ ತನ್ನ ಕವಿತೆಯ ಹೆಸರನ್ನಾಗಿಸಿ ಅದನ್ನು ಲೋಕಪ್ರಸಿದ್ಧಗೊಳಿಸಿದಳು. ಮಾತಿನ ರೀತಿಯಿಂದ ಮನುಷ್ಯನನ್ನು ತೂಗುವ ಕೆಟ್ಟ ತಕ್ಕಡಿಯ ಪರಿಚಯ ಈ ನಗರಕ್ಕೆ ಚೆನ್ನಾಗಿ ಇದೆ. ಉಚ್ಚಾರಣೆಯನ್ನು ತಿದ್ದುವ ಬಗೆಗೆ ನಮಗೆ ಇಂದು ತಿಳಿದಿರುವ ಸಂಗತಿಗಳಲ್ಲಿ ಬೆಲೆಯುಳ್ಳ ಕೆಲವು ಇಲ್ಲಿಂದಲೇ ಹೊರಟದ್ದು ಆಶ್ಚರ್ಯವಲ್ಲ.

ನದಿಯಾಚೆಯ ಶಿಶುತರಗತಿ

ನಗರದಿಂದ ನದಿಯ ದಕ್ಷಿಣ ದಡಕ್ಕೆ ಹೋಗಲು ವಿಕ್ಟೋರಿಯಾ ಸೇತುವೆಯಿದೆ. ೧೮೫೯ರಲ್ಲಿ ಮೊದಲ ರೈಲು ಅದನ್ನು ದಾಟಿತು. ಸೇತುವೆ ಮುಗಿಯುವೆಡೆಯಲ್ಲಿಯೇ ಸೇಂಟ್ ಲ್ಯಾಂಬರ್ಟ್ ಎಂಬ ಅಚ್ಚುಕಟ್ಟಾದ ಚಿಕ್ಕ ಊರು. ಅಟ್ಲಾಂಟಿಕ್ ಸಾಗರದಿಂದ ಒಳನಾಡಿನ ಮಹಾಸರೋವರಗಳಿಗೆ ಹಡಗುಗಳು ಹೋಗುವ ಜಲಮಾರ್ಗವು ೧೯೫೯ರಲ್ಲಿ ತೆರೆಯಿತಷ್ಟೆ. ಅದರ ಮೊದಲನೆಯ ಜಲಬಾಗಿಲು ಇಲ್ಲಿದೆ. ಹಡಗು ಕಲ್ಲಿನ ತೊಟ್ಟಿಯಂತಹ ಜಾಗವನ್ನು ಹೊಕ್ಕು ನಿಲ್ಲುತ್ತದೆ. ಹಿಂದಿನ ಬಾಗಿಲು ಮುಚ್ಚುತ್ತದೆ. ಆಮೇಲೆ ನೀರು ಸದ್ದಿಲ್ಲದೆ ಒಳಕ್ಕೆ ಬರುತ್ತದೆ. ಬೆಟ್ಟದಷ್ಟು ಭಾರದ ಹಡಗನ್ನು ಯಾರೂ ಎಳೆಯುವುದಿಲ್ಲ, ದಬ್ಬುವುದಿಲ್ಲ. ನೀರು ಏರಿದಂತೆ ಅದೂ ಏರುತ್ತದೆ. ಮುಂದಿನ ಬಾಗಿಲು ತೆರೆದಾಗ ಮೇಲಿನ ಮಟ್ಟದಲ್ಲಿ ತೇಲಿಕೊಂಡು ಹೋಗುತ್ತದೆ. ಆ ದಡದ ಮೇಲೆ ನಿಂತು ಇದನ್ನು ನೋಡುವುದರಲ್ಲಿ ಅರ್ಧ ಗಂಟೆ ಕಳೆದದ್ದು ನನಗೆ ತಿಳಿಯಲಿಲ್ಲ.

ಈ ಊರು ವಿದ್ಯಾಲೋಕದಲ್ಲಿ ಹೆಸರಾದದ್ದು ಜಲಬಾಗಿಲಿನಿಂದಲ್ಲ, ಒಂದು ಶಿಶುತರಗತಿಯಿಂದ. ಇಲ್ಲಿಯ ಕೆಲವು ಇಂಗ್ಲಿಷ್ ಮನೆತನಗಳ ತಾಯಿತಂದೆಯರಿಗೆ ಒಂದು ಚಿಂತೆ ಹುಟ್ಟಿತು. ಸುತ್ತಲೂ ಫ್ರೆಂಚ್ ಕೇಳುತ್ತಿದ್ದರೂ ತಮ್ಮ ಮಕ್ಕಳು ಶಾಲೆಯಲ್ಲಿ ವರ್ಷಗಟ್ಟಲೆ ಫ್ರೆಂಚ್ ವ್ಯಾಕರಣವನ್ನು ಉರುಹೊಡೆದು, ಕೊನೆಗೆ ಹಾಲಿನವನೊಡನೆ ನಾಲ್ಕು ಮಾತಾಡಲೂ ಬಾರದೆ ಹೊರಬರುತ್ತಿದ್ದರು. (ಈ ದೂರು ನಮಗೂ ಹೊಸದಲ್ಲ. ಹತ್ತು ವರ್ಷ ಇಂಗ್ಲಿಷ್ ಕಲಿತೂ ಬಾಯಿ ತೆರೆಯಲು ಅಂಜುವ ಮಕ್ಕಳು ನಮ್ಮ ಬೀದಿಬೀದಿಗಳಲ್ಲಿಯೂ ಇದ್ದಾರೆ.) ಆ ತಾಯಿತಂದೆಯರು ಶಾಲಾಮಂಡಲಿಯನ್ನು ಬಿಡದೆ ಕಾಡಿದರು. ೧೯೬೫ರ ಸೆಪ್ಟೆಂಬರಿನಲ್ಲಿ, ೨೬ ಇಂಗ್ಲಿಷ್ ಮಕ್ಕಳಿರುವ ಒಂದು ತರಗತಿ ಆರಂಭವಾಯಿತು. ಉಪಾಧ್ಯಾಯಿನಿಯು ಮಕ್ಕಳೊಡನೆ ಫ್ರೆಂಚಿನಲ್ಲಿ ಮಾತ್ರ ಮಾತಾಡಬೇಕು. ಹಾಡು, ಆಟ, ಬಣ್ಣ ಬಳಿಯುವುದು, ಕೋಟಿನ ಗುಂಡಿ ಹಾಕಿಕೊಳ್ಳುವುದು, ಎಲ್ಲವೂ ಆ ಭಾಷೆಯಲ್ಲಿಯೇ. ಮಕ್ಕಳನ್ನು ಭಾಷೆಯ ನೀರಿನಲ್ಲಿ ಮುಳುಗಿಸಿ ಈಜು ಕಲಿಸುವ ಈ ಪದ್ಧತಿ ಮುಂದೆ ಕೆನಡಾ ದೇಶದಲ್ಲೆಲ್ಲ ಹಬ್ಬಿತು.

ಮಾಂಟ್ರಿಯಾಲಿನ ಮೆಕ್‌ಗಿಲ್ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರಜ್ಞ ವಾಲೆಸ್ ಲ್ಯಾಂಬರ್ಟ್ ಎಂಬವರು ಈ ಮಕ್ಕಳನ್ನು ವರ್ಷದಿಂದ ವರ್ಷಕ್ಕೆ ಪರೀಕ್ಷಿಸಿದರು. ಮಕ್ಕಳ ಇಂಗ್ಲಿಷಿಗೆ ಕುಂದು ಬರಲಿಲ್ಲ; ಲೆಕ್ಕಪಾಠದಲ್ಲಿಯೂ ಹಿಂದೆ ಬೀಳಲಿಲ್ಲ. ಕೇಳಿದ ಫ್ರೆಂಚನ್ನು ಚೆನ್ನಾಗಿ ಗ್ರಹಿಸುತ್ತಿದ್ದರು. ಆದರೆ ಆಡುವ ಫ್ರೆಂಚು ಮಾತ್ರ ಕಿವಿಗೆ ಬಿದ್ದ ಫ್ರೆಂಚಿನಷ್ಟು ಶುದ್ಧವಾಗಲಿಲ್ಲ. ಹೀಗೆ ಒಂದು ಪ್ರಶ್ನೆ ಉಳಿಯಿತು. ಬರಿದೆ ಕೇಳಿಸಿಕೊಂಡರೆ ನಾಲಗೆ ತಾನಾಗಿ ತಿದ್ದಿಕೊಳ್ಳುವುದಿಲ್ಲವಾದರೆ ಗುರುವು ತಿದ್ದಬೇಕು. ತಿದ್ದುವುದಾದರೆ ಹೇಗೆ?

ಬೆಟ್ಟದ ಬುಡದ ವಿದ್ಯಾಪೀಠ

ಮೌಂಟ್ ರಾಯಲ್ ಬೆಟ್ಟದ ದಕ್ಷಿಣ ಮಗ್ಗುಲಲ್ಲಿ, ಶೆರ್‌ಬ್ರೂಕ್ ಬೀದಿಯ ಪಕ್ಕದಲ್ಲಿ, ಮೆಕ್‌ಗಿಲ್ ವಿಶ್ವವಿದ್ಯಾನಿಲಯದ ಬೂದುಗಲ್ಲಿನ ಕಟ್ಟಡಗಳಿವೆ. ಜೇಮ್ಸ್ ಮೆಕ್‌ಗಿಲ್ ಎಂಬ ವ್ಯಾಪಾರಿಯು ಬರೆದಿಟ್ಟ ಉಯಿಲಿನ ಹಣದಿಂದ ಹುಟ್ಟಿದ ಈ ಸಂಸ್ಥೆಗೆ ೧೮೨೧ರಲ್ಲಿ ರಾಜಶಾಸನ ದೊರೆಯಿತು. ಕಂಬಗಳ ಹೆಬ್ಬಾಗಿಲನ್ನು ಹೊಕ್ಕರೆ ಹುಲ್ಲುಹಾಸಿನ ಮೇಲೆ ಹತ್ತು ದೇಶಗಳ ಹುಡುಗ ಹುಡುಗಿಯರು ಹತ್ತು ಬಗೆಯ ಇಂಗ್ಲಿಷಿನಲ್ಲಿ ಹರಟುತ್ತಿರುವುದು ಕೇಳಿಸುತ್ತದೆ.

ಮೇಲೆ ಹೇಳಿದ ಲ್ಯಾಂಬರ್ಟ್ ಮಹಾಶಯರು ಶಿಶುತರಗತಿಗೂ ಮೊದಲೇ, ೧೯೬೦ರಲ್ಲಿ, ಒಂದು ಸ್ವಾರಸ್ಯವಾದ ಪ್ರಯೋಗವನ್ನು ಪ್ರಕಟಿಸಿದ್ದರು. ಎರಡು ಭಾಷೆಗಳನ್ನೂ ಸಲೀಸಾಗಿ ಆಡಬಲ್ಲವರಿಂದ ಒಂದೇ ವಿಷಯವನ್ನು ಒಮ್ಮೆ ಇಂಗ್ಲಿಷಿನಲ್ಲಿ, ಒಮ್ಮೆ ಫ್ರೆಂಚಿನಲ್ಲಿ ಓದಿಸಿ ಧ್ವನಿಮುದ್ರಿಸಿಕೊಂಡರು. ಕೇಳುವವರಿಗೆ ಇವರು ಬೇರೆ ಬೇರೆ ಜನರೆಂಬ ಭಾವನೆ ಬರುವಂತೆ ಅವನ್ನು ಬೆರಸಿ ಕೇಳಿಸಿ, ‘ಇವನು ಎಂತಹವನು? ಬುದ್ಧಿವಂತನೆ? ನಂಬಿಗಸ್ತನೆ?’ ಎಂದು ಕೇಳಿದರು. ಅದೇ ಮನುಷ್ಯ, ಅದೇ ಕಂಠ; ಆದರೂ ಇಂಗ್ಲಿಷಿನಲ್ಲಿ ಮಾತಾಡಿದಾಗ ಅವನಿಗೆ ಹೆಚ್ಚಿನ ಅಂಕಗಳು ಬಂದವು. ಇಂಗ್ಲಿಷರು ಹಾಗೆ ಕೊಟ್ಟರೆಂಬುದು ಅಚ್ಚರಿಯಲ್ಲ. ಫ್ರೆಂಚ್ ಮಾತಿನ ವಿದ್ಯಾರ್ಥಿಗಳೂ ತಮ್ಮ ಭಾಷೆಯ ಕಂಠಕ್ಕೆ ಕಡಮೆ ಅಂಕ ಕೊಟ್ಟರು. ಪರರ ತಿರಸ್ಕಾರವನ್ನು ಬಹುಕಾಲ ಕೇಳಿದವನು ಕೊನೆಗೆ ಅದನ್ನು ತನ್ನದನ್ನಾಗಿ ಮಾಡಿಕೊಳ್ಳುತ್ತಾನೆ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ತರಗತಿಯೊಳಕ್ಕೆ ಬರೋಣ. ಇದೇ ವಿದ್ಯಾಪೀಠದ ರಾಯ್ ಲಿಸ್ಟರ್ ಎಂಬ ಪ್ರಾಧ್ಯಾಪಕರು ಲೈಲಾ ರಾಂಟಾ ಎಂಬವರೊಡನೆ ಸೇರಿ, ಮಾಂಟ್ರಿಯಾಲ್ ಸುತ್ತಿನ ಫ್ರೆಂಚ್ ತರಗತಿಗಳಲ್ಲಿ ನಾಲ್ವರು ಶಿಕ್ಷಕರ ಪಾಠಗಳನ್ನು ೧೮ ಗಂಟೆಗಳಿಗೂ ಮಿಕ್ಕಿ ಧ್ವನಿಮುದ್ರಿಸಿ, ಮಗು ತಪ್ಪಾಡಿದಾಗ ಗುರುವು ಏನೆನ್ನುತ್ತಾನೆ, ಅದಕ್ಕೆ ಮಗು ಏನು ಮಾಡುತ್ತದೆ ಎಂಬುದನ್ನು ಮಾತು ಮಾತಾಗಿ ಲೆಕ್ಕ ಹಾಕಿದರು. ೧೯೯೭ರಲ್ಲಿ ಅಚ್ಚಾದ ಆ ಲೇಖನವನ್ನು ಭಾಷಾಬೋಧಕರು ಇಂದಿಗೂ ಓದುತ್ತಾರೆ. ತಿದ್ದುವ ಬಗೆಗಳು ಆರೆಂದು ಅವರು ವಿಂಗಡಿಸಿದರು. ನಮ್ಮ ಮಗುವೊಂದು ‘ಸ್ಕೂಲ್’ ಎನ್ನುವ ಬದಲು ‘ಇಸ್ಕೂಲ್’ ಎಂದಿತೆಂದು ಇಟ್ಟುಕೊಂಡರೆ ಆ ಆರನ್ನೂ ಹೀಗೆ ತಿಳಿಯಬಹುದು.

ಮೊದಲನೆಯ ಗುರು ನೇರವಾಗಿ, “ಇಸ್ಕೂಲ್ ಅಲ್ಲ, ಸ್ಕೂಲ್ ಅನ್ನು” ಎನ್ನುತ್ತಾನೆ. ಎರಡನೆಯವನು ತಪ್ಪಿನ ಸುದ್ದಿಯನ್ನೇ ಎತ್ತದೆ, “ಓಹೋ, ನಿನ್ನೆ ಸ್ಕೂಲಿಗೆ ಬರಲಿಲ್ಲವೆ?” ಎಂದು ಮಗುವಿನ ಮಾತನ್ನೇ ಸರಿಪಡಿಸಿ ಮರಳಿಸುತ್ತಾನೆ. ಮೂರನೆಯವನು, “ಏನಂದೆ? ಇನ್ನೊಮ್ಮೆ ಹೇಳು” ಎನ್ನುತ್ತಾನೆ. ನಾಲ್ಕನೆಯವನು, “ಆ ಪದದ ಮೊದಲಿಗೆ ಸ್ವರವಿದೆಯೆ, ನೋಡು” ಎಂದು ಸುಳಿವು ಕೊಡುತ್ತಾನೆ. ಐದನೆಯವನು, “ನೀನು ದಿನಾ ಹೋಗುವುದೆಲ್ಲಿಗೆ? ಸ್...” ಎಂದು ಅರ್ಧಕ್ಕೆ ನಿಲ್ಲಿಸಿ ಮಗುವಿನ ಬಾಯಿಂದಲೇ ಹೊರಡಿಸುತ್ತಾನೆ. ಆರನೆಯವನು, “ಇಸ್ಕೂಲ್?” ಎಂದು ಹುಬ್ಬೇರಿಸಿ ತಪ್ಪನ್ನೇ ಮರುನುಡಿಯುತ್ತಾನೆ.

ನೂರಕ್ಕೆ ೫೫ ಸಲ ಶಿಕ್ಷಕರು ಹಿಡಿದ ಹಾದಿ ಎರಡನೆಯದು, ಎಂದರೆ ಮೆಲ್ಲನೆ ಸರಿಪಡಿಸಿ ಮರಳಿಸುವುದು. ಅದು ಮೃದು, ಪಾಠ ನಿಲ್ಲುವುದಿಲ್ಲ, ಮಗುವಿಗೆ ಅವಮಾನವಾಗುವುದಿಲ್ಲ. ಆದರೆ ಅದಕ್ಕೆ ಮಕ್ಕಳು ಏನಾದರೂ ಪ್ರತಿಕ್ರಿಯೆ ತೋರಿದ್ದು ನೂರಕ್ಕೆ ೩೧ ಸಲ ಮಾತ್ರ. ಮಗುವಿನ ಬಾಯಿಂದಲೇ ಹೊರಡಿಸುವ ಐದನೆಯ ಬಗೆಯನ್ನು ಶಿಕ್ಷಕರು ಬಳಸಿದ್ದು ನೂರಕ್ಕೆ ೧೪ ಸಲ. ಅದಕ್ಕಾದರೋ ಪ್ರತಿಯೊಂದು ಸಲವೂ ಮಗು ಪ್ರತಿಕ್ರಿಯೆ ತೋರಿತು. ಪ್ರೀತಿಯಿಂದ ತಿದ್ದಿದ್ದೆಲ್ಲವೂ ತಲಪುವುದಿಲ್ಲವೆಂಬುದು ಈ ಅಂಕಿಗಳ ಸಾರ.

ಬಾಳೆಹಣ್ಣಿನ ಪಾಠ

ಇದೇಕೆ ಹೀಗೆಂಬುದನ್ನು ನನಗೆ ಮನದಟ್ಟು ಮಾಡಿಸಿದವರು ಯಾವ ಪ್ರಾಧ್ಯಾಪಕರೂ ಅಲ್ಲ, ನನ್ನ ತಂಗಿ. ಅವಳ ಮಗ ಮಾಂಟ್ರಿಯಾಲಿನಲ್ಲಿ ಉದ್ಯೋಗದಲ್ಲಿದ್ದಾನೆ. ನಾನು ಇಳಿದುಕೊಂಡಿದ್ದುದು ಅವನ ಮನೆಯಲ್ಲಿ. ತಂಗಿಯೂ ಮೈಸೂರಿನಿಂದ ಬಂದು ಮೂರು ತಿಂಗಳಾಗಿತ್ತು. ಅಲ್ಲಿಯೇ ಹುಟ್ಟಿ ಬೆಳೆದ ಏಳು ವರ್ಷದ ಮೊಮ್ಮಗಳು ಶಾಲೆಯಲ್ಲಿ ಫ್ರೆಂಚ್, ಗೆಳತಿಯರೊಡನೆ ಇಂಗ್ಲಿಷ್, ಮನೆಯಲ್ಲಿ ಕನ್ನಡವೆಂದು ಮೂರು ಮನೆಯ ಅಳಿಯನಂತೆ ಸುಖವಾಗಿದ್ದಳು.

ಒಂದು ಸಂಜೆ ಆ ಹುಡುಗಿ ಬಂದು, “ಅಜ್ಜೀ, ನಂಗೆ ಬಾಲೆಹನ್ನು ಬೇಕು” ಎಂದಳು.

“ಬಾಳೆಹಣ್ಣು ಬೇಕೇನೇ ಕಂದ?” ಎಂದಳು ಅಜ್ಜಿ.

“ಹೂಂ ಅಜ್ಜಿ, ಬಾಲೆಹನ್ನು.”

ಅಜ್ಜಿ ತಿದ್ದಿದ್ದಳು; ಮೊಮ್ಮಗಳಿಗೆ ಅದು ತಿದ್ದುಪಡಿಯೆಂದೇ ಹೊಳೆಯಲಿಲ್ಲ. ಅಜ್ಜಿ ತನ್ನ ಬೇಡಿಕೆಯನ್ನು ಒಪ್ಪಿಕೊಂಡಳೆಂದು ಅವಳು ತಿಳಿದಳು. ಮೆಲ್ಲನೆ ಮರಳಿಸುವ ತಿದ್ದುಪಡಿಯ ದೌರ್ಬಲ್ಯವೆಲ್ಲ ಈ ಮೂರು ಮಾತುಗಳಲ್ಲಿದೆ. ಅದು ‘ಹೌದು’ ಎಂಬ ವೇಷದಲ್ಲಿ ಬರುತ್ತದೆ. ಕೇಳುವವರು ಆ ಹೌದನ್ನು ಮಾತ್ರ ತೆಗೆದುಕೊಂಡು ಉಳಿದದ್ದನ್ನು ಬಿಟ್ಟುಬಿಡುತ್ತಾರೆ.

ನನ್ನ ತಂಗಿ ಅಷ್ಟಕ್ಕೆ ಬಿಡಲಿಲ್ಲ. ಮಗುವನ್ನು ಎದುರಿಗೆ ಕೂರಿಸಿಕೊಂಡು ತನ್ನ ಬಾಯನ್ನು ಅಗಲವಾಗಿ ತೆರೆದು, “ನೋಡು, ‘ಲ’ ಅನ್ನುವಾಗ ನಾಲಗೆ ಹಲ್ಲಿನ ಹಿಂದೆ ಮುಟ್ಟತ್ತೆ. ‘ಳ’ ಅನ್ನುವಾಗ ಹೀಗೆ ಹಿಂದಕ್ಕೆ ಮಡಚಿ ಮೇಲಿನ ಅಂಗಳಕ್ಕೆ ತಾಕಬೇಕು” ಎಂದು ತೋರಿಸಿದಳು. “ಬಾಲ ಅಂದರೆ ಹನುಮಂತನದ್ದು. ಬಾಳೆ ಅಂದರೆ ಹಣ್ಣಿಂದು” ಎಂದಳು. ಹುಡುಗಿ ನಕ್ಕು ನಾಲ್ಕು ಸಲ ನಾಲಗೆಯನ್ನು ಮಡಚಿದಳು. ಮರುದಿನ ಮತ್ತೆ ‘ಬಾಲೆ’ ಎಂದಾಗ ಅಜ್ಜಿ ಹಣ್ಣನ್ನು ಕೈಯಲ್ಲಿ ಹಿಡಿದುಕೊಂಡು, “ಬಾ...?” ಎಂದು ನಿಲ್ಲಿಸಿದಳು. “ಬಾಳೆಹಣ್ಣು!” ಎಂದು ಕೂಗಿ ಹುಡುಗಿ ಹಣ್ಣನ್ನು ಕಿತ್ತುಕೊಂಡಳು. ಮೂರನೆಯ ದಿನದಿಂದ ಅಜ್ಜಿ ಸುಮ್ಮನೆ “ಬಾಳೆಹಣ್ಣೆ?” ಎಂದರೂ ಸಾಕಾಗುತ್ತಿತ್ತು, ಮಗು ಆ ಳಕಾರವನ್ನು ಹೆಕ್ಕಿಕೊಂಡು ತಾನೂ ತಿದ್ದಿ ಆಡುತ್ತಿತ್ತು. ಮೊದಲು ಬಿದ್ದುಹೋಗುತ್ತಿದ್ದ ಅದೇ ಮೃದುವಾದ ಮಾತು ಈಗ ನಾಟುತ್ತಿತ್ತು. ಬದಲಾದದ್ದು ಅಜ್ಜಿಯ ಮಾತಲ್ಲ, ಮಗುವಿನ ಕಿವಿ.

ಅದೇ ಮನೆಯಲ್ಲಿ ಇನ್ನೊಂದು ಬಗೆಯ ತಿದ್ದುಪಡಿಯ ಕಥೆಯನ್ನೂ ಕೇಳಿದೆ. ಹುಡುಗಿಯ ತಂದೆ, ನನ್ನ ಸೋದರಳಿಯ, ಮೊದಲು ಸೇರಿದ ಕಚೇರಿಯಲ್ಲಿ ಮೇಲಿನವರೊಬ್ಬರು ಇವನ ‘ವ’ಕಾರಗಳನ್ನು ನಾಲ್ಕು ಜನರೆದುರಿಗೆ ಹಿಡಿದು ಹಿಡಿದು ತಿದ್ದುತ್ತಿದ್ದರಂತೆ. ಇಂಗ್ಲಿಷಿನಲ್ಲಿ ಹಲ್ಲು ತುಟಿಗೆ ತಾಕುವ ವಕಾರ ಬೇರೆ, ತುಟಿಗಳು ದುಂಡಾಗುವ ವಕಾರ ಬೇರೆ. ನಮಗೆ ಎರಡಕ್ಕೂ ಒಂದೇ ಅಕ್ಷರ. “ತಿದ್ದಿದ್ದು ಸರಿಯೇ ಮಾವ” ಎಂದನು ಅವನು. “ಆದರೆ ಆಮೇಲೆ ನಾನು ಸಭೆಗಳಲ್ಲಿ ಮಾತಾಡುವುದನ್ನೇ ಬಿಟ್ಟೆ. ಹೇಳಬೇಕಾದ್ದನ್ನೆಲ್ಲ ಬರೆದು ಕಳಿಸುತ್ತಿದ್ದೆ. ಒಂದು ವರ್ಷ ಅಲ್ಲಿ ನನ್ನ ಧ್ವನಿಯನ್ನು ಯಾರೂ ಕೇಳಲಿಲ್ಲ.” ಆ ಕಚೇರಿಯಲ್ಲಿ ಅವನ ವಕಾರ ತಿದ್ದಿತೋ ಇಲ್ಲವೋ, ಅವನ ಮಾತಂತೂ ನಿಂತಿತು. ಆಡದ ಮಾತನ್ನು ಯಾವ ಗುರುವೂ ತಿದ್ದಲಾರ.

ಮರೆತ ಕಿವಿ

ಎಳೆಯ ಕೂಸಿಗೆ ಎಲ್ಲ ದೇಶಗಳ ಧ್ವನಿಗಳೂ ಬೇರೆ ಬೇರೆಯಾಗಿ ಕೇಳಿಸುತ್ತವೆಂದರೆ ಅನೇಕರು ನಂಬಲಾರರು. ಕೆನಡಾದ ಜೆನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಎಂಬ ಸಂಶೋಧಕರು ೧೯೮೪ರಲ್ಲಿ ಪ್ರಕಟಿಸಿದ ಪ್ರಯೋಗಕ್ಕೆ ಹಿಂದಿಯ ತಕಾರ ಟಕಾರಗಳನ್ನು ಆರಿಸಿಕೊಂಡಿದ್ದರು. ಇಂಗ್ಲಿಷ್ ಮನೆಗಳಲ್ಲಿ ಬೆಳೆಯುವ ೬ರಿಂದ ೮ ತಿಂಗಳ ಕೂಸುಗಳಲ್ಲಿ ಹೆಚ್ಚಿನವು ಈ ಎರಡರ ವ್ಯತ್ಯಾಸವನ್ನು ಗುರುತಿಸಿದವು. ೧೦ರಿಂದ ೧೨ ತಿಂಗಳಾಗುವ ಹೊತ್ತಿಗೆ ಅಂತಹ ಮನೆಯ ಕೂಸುಗಳಲ್ಲಿ ಗುರುತಿಸಬಲ್ಲವು ಬಹಳ ಕಡಮೆಯಾಗಿದ್ದವು. ಮನೆಯಲ್ಲಿ ಬೇಕಾಗದ ಭೇದವನ್ನು ಕಿವಿಯು ವರ್ಷ ತುಂಬುವುದರೊಳಗೆ ಮರೆತುಬಿಡುತ್ತದೆ. ಬೆಳೆದ ಆಂಗ್ಲನು ನಮ್ಮ ‘ತೊಟ್ಟಿ’ಯನ್ನೂ ‘ತಟ್ಟೆ’ಯನ್ನೂ ಆಡಲು ತಿಣುಕುವುದು ಅವನ ನಾಲಗೆಯ ಮೊಂಡುತನವೆಂದು ನಾವು ನಗುತ್ತೇವೆ. ಅದು ಬಹುಮಟ್ಟಿಗೆ ಅವನ ಕಿವಿಯ ಮರೆವು.

ಜಪಾನೀಯರಿಗೆ ಇಂಗ್ಲಿಷಿನ ರಕಾರ ಲಕಾರಗಳು ಇಂತಹದೇ ತೊಡಕು. ಅವರ ಭಾಷೆಯಲ್ಲಿ ಇವೆರಡರ ನಡುವಣ ಒಂದೇ ಧ್ವನಿಯಿದೆ. ಇಂಗ್ಲಿಷಿನ ರಕಾರವನ್ನಾಡುವಾಗ ನಾಲಗೆಯ ತುದಿ ಎಲ್ಲಿಯೂ ತಾಕಬಾರದು. ಅವರದು ತಾಕಿ ಮರಳುತ್ತದೆ. ಅದರಿಂದ ‘ರೈಟ್’ ‘ಲೈಟ್’ ಎಂಬವು ಒಂದರ ಜಾಗದಲ್ಲಿ ಇನ್ನೊಂದು ಬಂದು ಕುಳಿತುಕೊಳ್ಳುತ್ತವೆ. ಮೆಕ್‌ಗಿಲ್‌ನಲ್ಲಿ ಸಂಶೋಧನೆ ನಡೆಸಿದ ಕಾಜುಯಾ ಸೈಟೋ ಎಂಬ ಜಪಾನೀ ವಿದ್ವಾಂಸರು ಲಿಸ್ಟರ್ ಅವರೊಡನೆ ಸೇರಿ, ಬೆಳೆದ ೬೫ ಮಂದಿ ಜಪಾನೀ ಕಲಿಯುವವರನ್ನು ಮೂರು ಗುಂಪು ಮಾಡಿದರು. ಎರಡು ಗುಂಪುಗಳಿಗೆ ವಾದ ಮಾಡುವ ಕಲೆಯನ್ನು ಇಂಗ್ಲಿಷಿನಲ್ಲಿ ಹೇಳಿಕೊಡುವ ನೆಪದಿಂದ, ರಕಾರವುಳ್ಳ ಪದಗಳನ್ನು ಹೇರಳವಾಗಿ ಬೆರಸಿ ೪ ಗಂಟೆಗಳ ಪಾಠ. ಎರಡರಲ್ಲಿಯೂ ಆ ಧ್ವನಿಯ ಕಡೆಗೆ ಗಮನ ಸೆಳೆಯುವ ಅಭ್ಯಾಸಗಳಿದ್ದವು. ಆದರೆ ಒಂದರಲ್ಲಿ ಮಾತ್ರ, ಯಾರಾದರೂ ರಕಾರದಲ್ಲಿ ಎಡವಿದೊಡನೆ ಶಿಕ್ಷಕರು ಆ ಪದವನ್ನು ಸರಿಯಾಗಿ ಮರಳಿ ನುಡಿಯುತ್ತಿದ್ದರು. ಮೂರನೆಯ ಗುಂಪಿಗೆ ಈ ವಿಶೇಷ ಪಾಠವಿರಲಿಲ್ಲ.

೨೦೧೨ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಗಮನವೂ ತಿದ್ದುಪಡಿಯೂ ಎರಡೂ ದೊರೆತವರ ರಕಾರವು ಸುಧಾರಿಸಿತು. ಪಟ್ಟಿಯನ್ನು ಓದುವಾಗ ಮಾತ್ರವಲ್ಲ, ಚಿತ್ರವನ್ನು ನೋಡಿ ತಾವಾಗಿ ಮಾತಾಡುವಾಗಲೂ ಸುಧಾರಿಸಿತು. ತಿದ್ದುಪಡಿಯಿಲ್ಲದೆ ಪಾಠ ಮಾತ್ರ ಕೇಳಿದವರಲ್ಲಿ ಅಂತಹ ಏಳಿಗೆ ಕಾಣಲಿಲ್ಲ. ನನ್ನ ತಂಗಿಯು ಬಾಳೆಹಣ್ಣಿನಿಂದ ತೋರಿಸಿದ್ದೂ ಇದೇ ಕ್ರಮ. ಮೊದಲು ಭೇದವೊಂದಿದೆಯೆಂದು ಕಿವಿಗೆ ತಿಳಿಸಬೇಕು. ಆಮೇಲೆ ಆಡುವ ಹೊತ್ತಿನಲ್ಲಿಯೇ, ಮಾತಿನ ನಡುವೆಯೇ, ತಿದ್ದಬೇಕು. ಲಿಸ್ಟರ್ ಅವರೇ ೧೯೯೮ರಲ್ಲಿ ಗಮನಿಸಿದ್ದಂತೆ, ಮೃದುವಾಗಿ ಮರಳಿಸುವ ಬಗೆಯು ವ್ಯಾಕರಣದ ತಪ್ಪಿಗಿಂತ ಉಚ್ಚಾರಣೆಯ ತಪ್ಪಿಗೆ ಚೆನ್ನಾಗಿ ಒದಗುತ್ತದೆ. ಧ್ವನಿಯು ಕೇಳಿ ಅನುಕರಿಸುವ ವಸ್ತು. ಅದಕ್ಕೆ ಮಾದರಿಯೊಂದು ಎದುರಿಗೆ ಬೇಕು. ಸಂಗೀತದ ಗುರುಗಳು ಶಿಷ್ಯನ ಅಪಸ್ವರಕ್ಕೆ ಉಪನ್ಯಾಸ ಕೊಡದೆ ಆ ಸ್ವರವನ್ನು ತಾವೇ ಹಾಡಿ ತೋರಿಸುವುದು ನಮಗೆ ಗೊತ್ತಿದ್ದ ವಿಷಯವೇ.

ಏನನ್ನು ತಿದ್ದಬೇಕು?

ಎಲ್ಲವನ್ನೂ ತಿದ್ದಬೇಕೆ ಎಂಬುದು ಇನ್ನು ಉಳಿದ ಪ್ರಶ್ನೆ. ಅದಕ್ಕೂ ಕೆನಡಾದಿಂದಲೇ ಒಂದು ಉತ್ತರ ಬಂದಿದೆ. ಮರ್ರೆ ಮನ್ರೊ, ಟ್ರೇಸಿ ಡರ್ವಿಂಗ್ ಎಂಬಿಬ್ಬರು ೧೯೯೫ರಲ್ಲಿ ಚೀನೀ ಮಾತೃಭಾಷೆಯವರ ಇಂಗ್ಲಿಷನ್ನು ಇಂಗ್ಲಿಷರಿಗೆ ಕೇಳಿಸಿ, ಕೇಳಿದ್ದನ್ನು ಅಕ್ಷರಶಃ ಬರೆಯಲು ಹೇಳಿದರು. ಪರದೇಶದ ಛಾಯೆ ಎಷ್ಟಿದೆಯೆಂದೂ ಅಳೆಯಲು ಹೇಳಿದರು. ಛಾಯೆ ಬಹಳ ದಟ್ಟವೆಂದು ಗುರುತು ಹಾಕಿದ ಎಷ್ಟೋ ವಾಕ್ಯಗಳನ್ನು ಕೇಳಿದವರು ಒಂದು ಪದವೂ ತಪ್ಪದಂತೆ ಬರೆದಿದ್ದರು. ಛಾಯೆ ಬೇರೆ, ಅರ್ಥವಾಗದಿರುವುದು ಬೇರೆ.

ನಮ್ಮ ದೇಶದಲ್ಲಿಯೂ ಈ ವಿಚಾರ ನಡೆದಿದೆ. ಹೈದರಾಬಾದಿನಲ್ಲಿ ೧೯೫೮ರಲ್ಲಿ ಸ್ಥಾಪನೆಯಾದ ಇಂಗ್ಲಿಷಿನ ಕೇಂದ್ರಸಂಸ್ಥೆ (ಅದು ೨೦೦೭ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಾಯಿತು) ೧೯೬೯ರಲ್ಲಿ ಆರ್. ಕೆ. ಬನ್ಸಲ್ ಅವರ ಪ್ರಬಂಧವೊಂದನ್ನು ಪ್ರಕಟಿಸಿತು. ಭಾರತೀಯರ ಇಂಗ್ಲಿಷು ಇಂಗ್ಲೆಂಡಿನ ಕೇಳುಗರಿಗೆ ಸರಾಸರಿಯಲ್ಲಿ ನೂರಕ್ಕೆ ೭೦ರಷ್ಟು ಅರ್ಥವಾಗುತ್ತದೆಂದು ಬನ್ಸಲ್ ಅವರು ಕಂಡುಕೊಂಡರು. ಉಳಿದದ್ದು ಅರ್ಥವಾಗದಿರಲು ಮುಖ್ಯವಾದ ಒಂದು ಕಾರಣ ನಮ್ಮ ಝಕಾರ ಫಕಾರಗಳಲ್ಲ. ಪದದ ಯಾವ ಭಾಗದ ಮೇಲೆ ಒತ್ತು ಬೀಳಬೇಕೋ ಅಲ್ಲಿ ಬೀಳದಿರುವುದು. ಕನ್ನಡದಲ್ಲಿ ಒತ್ತು ಬದಲಾದರೆ ಅರ್ಥ ಕೆಡುವುದಿಲ್ಲ. ಆದುದರಿಂದ ನಮ್ಮ ಕಿವಿ ಅದನ್ನು ಲಕ್ಷಿಸುವುದೇ ಇಲ್ಲ. ‘ಹೋಟೆಲ್’ ಎನ್ನುವಾಗ ನಾವು ಮೊದಲ ಅಕ್ಷರವನ್ನು ಒತ್ತುತ್ತೇವೆ. ಇಂಗ್ಲಿಷಿನಲ್ಲಿ ಒತ್ತು ಎರಡನೆಯದರ ಮೇಲೆ. ‘ಕಮಿಟಿ’ ಎಂಬುದರಲ್ಲಿಯೂ ಹಾಗೆಯೇ. ನಮ್ಮ ಶಾಲೆಗಳಲ್ಲಿ ಮಕ್ಕಳ ‘ಇಸ್ಕೂಲ್’ಗೂ ಸಕಾರ ಶಕಾರಗಳಿಗೂ ನಗು ಮೀಸಲು, ಒತ್ತಿನ ಮಾತನ್ನು ಎತ್ತುವವರು ವಿರಳ. ನಗೆಪಾಟಲಾಗುವ ತಪ್ಪು ಒಂದು, ಅರ್ಥ ಕೆಡಿಸುವ ತಪ್ಪು ಇನ್ನೊಂದು.

ಬೆಂಗಳೂರಿನಲ್ಲಿ ದಕ್ಷಿಣ ಭಾರತದ ಇಂಗ್ಲಿಷ್ ಶಿಕ್ಷಕರಿಗಾಗಿ ೧೯೬೩ರಲ್ಲಿಯೇ ಪ್ರಾದೇಶಿಕ ಸಂಸ್ಥೆಯೊಂದು ಸ್ಥಾಪನೆಯಾಯಿತು. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ೨೦೦೭ರಿಂದ ಒಂದನೆಯ ತರಗತಿಯಲ್ಲಿಯೇ ಇಂಗ್ಲಿಷ್ ಒಂದು ಪಾಠವಾಗಿ ಬಂದಿದೆ. ಆದುದರಿಂದ ಮನೆಯಲ್ಲಿ ಇಂಗ್ಲಿಷಿನ ಗಾಳಿಯೇ ಸೋಕದ ಲಕ್ಷಾಂತರ ಮಕ್ಕಳು ಆ ಭಾಷೆಯ ಮೊದಲ ಧ್ವನಿಯನ್ನು ಕೇಳುವುದು ತಮ್ಮ ಮೇಷ್ಟ್ರ, ತಮ್ಮ ಟೀಚರಮ್ಮನ ಬಾಯಿಂದ. ಅವರು ತಿದ್ದುವ ರೀತಿಯು ಆ ಮಗುವಿಗೆ ಕಲಿಸುವುದು ಬರಿಯ ಸಕಾರ ಶಕಾರಗಳನ್ನಲ್ಲ. ನಾಲ್ಕು ಜನರ ಎದುರಿಗೆ ತಾನು ಬಾಯಿ ತೆರೆಯಬಹುದೋ ಬಾರದೋ ಎಂಬುದನ್ನೂ ಅದು ಅಲ್ಲಿಯೇ ಕಲಿಯುತ್ತದೆ.

ನಗರವನ್ನು ಬಿಡುವ ಹಿಂದಿನ ದಿನ ಭೂಗರ್ಭದ ರೈಲಿನಲ್ಲಿ ಒಂದು ದೃಶ್ಯವನ್ನು ಕಂಡೆ. ೧೯೬೬ರಲ್ಲಿ ತೆರೆದ ಈ ಮೆಟ್ರೊ ರಬ್ಬರಿನ ಗಾಲಿಗಳ ಮೇಲೆ ಓಡುತ್ತದೆ. ಆದುದರಿಂದ ಮಾತು ಕೇಳಿಸುವಷ್ಟು ಸದ್ದು ಕಡಮೆ. ನನ್ನೆದುರಿಗೆ ಹೊಸದಾಗಿ ದೇಶಕ್ಕೆ ಬಂದವನಂತೆ ತೋರುತ್ತಿದ್ದ ನಡುವಯಸ್ಸಿನವನೊಬ್ಬನು ಪಕ್ಕದ ಮುದುಕಿಯನ್ನು ನಿಲ್ದಾಣವೊಂದರ ಹೆಸರನ್ನು ಹೇಳಿ ದಾರಿ ಕೇಳಿದನು. ಹೆಸರು ಅವನ ಬಾಯಲ್ಲಿ ಮುರಿದು ಮೂರು ತುಂಡಾಯಿತು. ಮುದುಕಿ ನಗಲಿಲ್ಲ, ಮುಖವನ್ನೂ ಸಿಂಡರಿಸಲಿಲ್ಲ. ಹೆಸರನ್ನು ನಿಧಾನವಾಗಿ, ಸ್ಪಷ್ಟವಾಗಿ ನುಡಿದು, ಅವನ ಕಡೆಗೆ ನೋಡಿ ಕಾದಳು. ಅವನು ಮರುನುಡಿದನು. ಈ ಸಲ ಎರಡು ತುಂಡು. ಅವಳು ಮತ್ತೊಮ್ಮೆ ನುಡಿದಳು. ಅವನು ಮತ್ತೊಮ್ಮೆ ಆಡಿದನು. ಅಷ್ಟರಲ್ಲಿ ಆ ನಿಲ್ದಾಣವೇ ಬಂದಿತು. ಅವನು ಇಳಿದು, ಬಾಗಿಲು ಮುಚ್ಚುವ ಮೊದಲು ಹಿಂದಿರುಗಿ, ಕಲಿತ ಹೆಸರನ್ನು ಗಟ್ಟಿಯಾಗಿ ಹೇಳಿ ಕೈಬೀಸಿದನು. ಆ ಮುದುಕಿ ಶಿಕ್ಷಕಿಯೋ ಅಲ್ಲವೋ ನನಗೆ ತಿಳಿಯದು. ನಮ್ಮ ಮಕ್ಕಳಿಗೆ ಅಂತಹ ಗುರುಗಳು ದೊರೆಯಲಿ.